ಮೊದಲು ಅವರೆಕಾಯಿ, ಆಮೇಲೆ ಅಕ್ಷರ

ಜನವರಿ ಬಂತೆಂದರೆ ನಮ್ಮ ಮನೆಗೆ ಎರಡು ರಾಶಿ ಬಂದು ಬೀಳುತ್ತವೆ. ಒಂದು ಅವರೆಕಾಯಿ. ಇನ್ನೊಂದು, ಮಕ್ಕಳನ್ನು ಶಾಲೆಗೆ ಸೇರಿಸುವ ಗಾಬರಿಯಲ್ಲಿರುವ ಅಪ್ಪ ಅಮ್ಮಂದಿರ ಪತ್ರಗಳು. ಈ ಸಲ ಎರಡನ್ನೂ ಒಟ್ಟಿಗೇ ಮುಂದಿಟ್ಟುಕೊಂಡು ಕೂತಿದ್ದೇನೆ. ಅಲ್ಲಲ್ಲಿ ಸೊಗಡಿನ ವಾಸನೆ ಬಂದರೆ ಹೊಟ್ಟೆಗೆ ಹಾಕಿಕೊಳ್ಳಿ.

ನನ್ನ ಮಗನಿಗೆ ನಾಲ್ಕೂವರೆ ವರ್ಷ, ಎಲ್‌ಕೆಜಿ. ಪಕ್ಕದ ಮನೆಯ ಹುಡುಗಿ ಅಷ್ಟೇ ವಯಸ್ಸಿನವಳು, 49 ಅಕ್ಷರವನ್ನೂ ನೋಡದೆ ಬರೆಯುತ್ತಾಳೆ. ಇವನು ಪೆನ್ಸಿಲ್ ಹಿಡಿದ ಎರಡು ನಿಮಿಷಕ್ಕೆ ‘ಕೈ ನೋವು’ ಅಂತ ಎದ್ದು ಓಡುತ್ತಾನೆ. ಮಿಸ್ ಡೈರಿಯಲ್ಲಿ ‘ಮನೆಯಲ್ಲಿ ದಿನಾ ಎರಡು ಪುಟ ಬರೆಸಿ’ ಎಂದು ಬರೆದು ಕಳಿಸಿದ್ದಾರೆ. ಸಂಜೆಯಾದರೆ ಅಳು. ಅವನದ್ದೂ, ನನ್ನದೂ.
— ಒಬ್ಬ ತಾಯಿ, ಬೆಂಗಳೂರು

ಕೈ ನೋವು ಅಂತಾನಲ್ಲ, ಮೊದಲು ಅದನ್ನು ನಂಬಿ. ನೆಪ ಅಲ್ಲ ಅದು. ಈ ವಯಸ್ಸಿನಲ್ಲಿ ಮಣಿಕಟ್ಟಿನ ಮೂಳೆಗಳು ಇನ್ನೂ ಪೂರ್ತಿ ಬಲಿತಿರುವುದಿಲ್ಲ. ಬೆರಳಿನ ಸಣ್ಣ ಸ್ನಾಯುಗಳಿಗೂ ಕಸುವು ಸಾಲದು. ಅದಕ್ಕೇ ಪೆನ್ಸಿಲನ್ನು ಮುಷ್ಟಿಯಲ್ಲಿ ಸೌಟು ಹಿಡಿದಂತೆ ಹಿಡಿಯುತ್ತಾರೆ, ಹಾಳೆ ಹರಿಯುವ ಹಾಗೆ ಒತ್ತುತ್ತಾರೆ. ಎರಡು ಪುಟ ಅಂದರೆ ನಮಗೆ ನಿಮಗೆ ಇಪ್ಪತ್ತು ಬಿಂದಿಗೆ ನೀರು ಸೇದಿದ ಹಾಗೆ.

ಹಾಗಾದರೆ ಕೈಗೆ ಬಲ ಬರುವುದು ಹೇಗೆ? ಮೊನ್ನೆ ಸಂಜೆ ನಮ್ಮ ಮನೆಯಲ್ಲಿ ನಡೆದದ್ದು ಹೇಳುತ್ತೇನೆ. ಹಿತಕಿದಬೇಳೆ ಸಾರು ಮಾಡೋಣ ಅಂತ ಬೆಳಿಗ್ಗೆಯೇ ಕಾಳು ನೆನೆಹಾಕಿದ್ದೆ. ಮೊಮ್ಮಗಳಿಗೆ ನಾಲ್ಕು ವರ್ಷ. ಪಕ್ಕದಲ್ಲಿ ಬಂದು ಕೂತಳು. ಒಂದು ಕಾಳು ಕೊಟ್ಟೆ. ಮೊದಲು ಅಂಗೈಯಲ್ಲಿಟ್ಟು ಹಿಚುಕಿದಳು, ಏನೂ ಆಗಲಿಲ್ಲ. ಹಲ್ಲಿನಲ್ಲಿ ಕಚ್ಚಿದಳು. ನನ್ನ ಕೈಯನ್ನು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಹೆಬ್ಬೆರಳು, ತೋರುಬೆರಳಿನ ನಡುವೆ ಇಟ್ಟು, ನಾಲಿಗೆ ಹೊರಗೆ ಚಾಚಿ, ಉಸಿರು ಬಿಗಿಹಿಡಿದು ಒತ್ತಿದಳು. ಪುಚಕ್! ಬೇಳೆ ಹಾರಿ ಹೋಗಿ ಫ್ರಿಜ್ ಕೆಳಗೆ ಸೇರಿತು. ಸಿಪ್ಪೆ ಕೈಯಲ್ಲೇ ಉಳಿಯಿತು. ಆ ನಗು ನೋಡಬೇಕಿತ್ತು ನೀವು. ಮುಕ್ಕಾಲು ಗಂಟೆ ಏಳಲಿಲ್ಲ ಹುಡುಗಿ. ಒಂದು ಬಟ್ಟಲು ಬೇಳೆ ಸಿಕ್ಕಿತು. ಇನ್ನೊಂದು ಬಟ್ಟಲಿನಷ್ಟು ಮರುದಿನ ಕಸ ಗುಡಿಸುವಾಗ ಸಿಕ್ಕಿತು, ಬಿಡಿ.

ಪೆನ್ಸಿಲ್ ಹಿಡಿಯಲು ಬೇಕಾದದ್ದು ಇದೇ ಎರಡು ಬೆರಳು, ಇದೇ ಒತ್ತಡ. ಮುಕ್ಕಾಲು ಗಂಟೆ ಅವಳಿಂದ ‘ಕೈ ನೋವು’ ಎಂಬ ಮಾತು ಬರಲಿಲ್ಲ. ಕೆಲಸ ಅವಳದ್ದಾಗಿತ್ತು, ಅದಕ್ಕೆ. ಬಟಾಣಿ ಸುಲಿಯಲಿ. ಕೊತ್ತಂಬರಿ ಸೊಪ್ಪು ಬಿಡಿಸಲಿ. ಬಟ್ಟೆ ಒಣಗಿಸುವಾಗ ಕ್ಲಿಪ್ ಹಾಕುವ ಕೆಲಸ ಅವನಿಗೇ ಕೊಡಿ. ಚಪಾತಿ ಹಿಟ್ಟಿನ ಉಂಡೆ ಒಂದು ಅವನ ಪಾಲಿಗಿರಲಿ. ಇವುಗಳನ್ನೆಲ್ಲ ‘ಆಕ್ಟಿವಿಟಿ’ ಅಂತ ಪ್ಯಾಕೆಟ್ ಮಾಡಿ ಮಾರುತ್ತಾರಂತೆ ಈಗ. ನಿಮ್ಮ ಅಡುಗೆಮನೆಯಲ್ಲಿ ಪುಕ್ಕಟೆ ಇದೆ.

ಇನ್ನು 49ರ ಮಾತು. ನಾನು ಎಚ್.ಡಿ. ಕೋಟೆ ತಾಲ್ಲೂಕಿನ ಹಳ್ಳಿ ಶಾಲೆಗಳಲ್ಲಿ ಪಾಠ ಮಾಡಿದವಳು. ಸೇರಿದ ಹೊಸತರಲ್ಲಿ ನಾನೂ ಅ ಆ ಇ ಈ ಅಂತಲೇ ತಿದ್ದಿಸುತ್ತಿದ್ದೆ. ದೀಪಾವಳಿ ಬಂದರೂ ಒಂದನೇ ಕ್ಲಾಸಿನ ಮಕ್ಕಳಿಗೆ ಒಂದು ಪದ ಓದಲು ಬರುತ್ತಿರಲಿಲ್ಲ. ಎಲ್ಲಿಂದ ಬರಬೇಕು? ಅ ಆ ಇ ಈ ಉ ಊ ಸೇರಿಸಿ ಒಂದು ಪದ ಮಾಡಿ ನೋಡೋಣ! 1995ರಲ್ಲಿ ನಮ್ಮ ತಾಲ್ಲೂಕಿನಲ್ಲೇ ನಲಿ-ಕಲಿ, ಅಂದರೆ ಆಡುತ್ತಾ ಕಾರ್ಡುಗಳಿಂದ ಕಲಿಯುವ ಪದ್ಧತಿ, ಶುರುವಾಯಿತು. ಆಂಧ್ರದ ರಿಷಿ ವ್ಯಾಲಿ ಶಾಲೆಗೆ ಹೋಗಿ ನೋಡಿಕೊಂಡು ಬಂದ ನಮ್ಮ ಶಿಕ್ಷಕರೇ ಕೂತು ಕಾರ್ಡುಗಳನ್ನು ಮಾಡಿದರು. ಅದರಲ್ಲಿ ಮೊದಲು ಕಲಿಸುವ ಅಕ್ಷರ ಯಾವುದು ಗೊತ್ತಾ? ರ. ಆಮೇಲೆ ಗ, ಸ, ದ, ಕೊನೆಗೆ ಅ. ಬರೆಯಲು ಸುಲಭ, ಒಂದನ್ನೊಂದು ಹೋಲುವ ಗುಂಡು ಗುಂಡು ಅಕ್ಷರಗಳು. ಈ ಐದೇ ಐದು ಬಂದರೆ ಸಾಕು, ಮಗು ಸರ ಓದುತ್ತದೆ, ರಸ ಓದುತ್ತದೆ, ದರ, ಅರಸ, ಅಗಸ, ಗರಗಸ ಓದುತ್ತದೆ. ನನ್ನ ಕ್ಲಾಸಿನಲ್ಲಿ ಒಬ್ಬ ಹುಡುಗ ಮೊದಲ ಸಲ ‘ಗರಗಸ’ ಓದಿದವನು ಕಾರ್ಡನ್ನು ಕೆಳಗಿಡದೆ, ಮರ ಕುಯ್ಯುವ ಹಾಗೆ ಕೈ ಆಡಿಸುತ್ತಾ ಇಡೀ ಕೋಣೆ ಸುತ್ತಿದ್ದ. ಅವನಪ್ಪ ಬಡಗಿ. ಮನೆಯಲ್ಲಿರುವ ವಸ್ತು ಹಲಗೆಯ ಮೇಲೂ ಇದೆ ಅಂತ ಅವನಿಗೆ ಅವತ್ತು ಗೊತ್ತಾಯಿತು.

ಪಕ್ಕದ ಮನೆಯ ಹುಡುಗಿ ಜಾಣೆಯೇ ಇರಬಹುದು, ಅದನ್ನು ಕಟ್ಟಿಕೊಂಡು ನಿಮಗೇನು? ನಾಲ್ಕೂವರೆ ವರ್ಷಕ್ಕೆ ‘ಙ’ ಬರೆದು ಮಗು ಏನು ಮಾಡಬೇಕು? ನನಗೇ ಆ ಅಕ್ಷರ ಬಳಸುವ ಪ್ರಸಂಗ ಬಂದಿಲ್ಲ.

ನೀವು ಹೀಗೆ ಮಾಡಿ. ದೊಡ್ಡ ತಟ್ಟೆಯಲ್ಲಿ ರಾಗಿಹಿಟ್ಟು ತೆಳ್ಳಗೆ ಹರಡಿ. ತೋರುಬೆರಳಿನಲ್ಲಿ ‘ರ’ ಬರೆದು ತೋರಿಸಿ. ಅವನು ಬರೆಯಲಿ, ತಟ್ಟೆ ಅಲ್ಲಾಡಿಸಿ ಅಳಿಸಲಿ, ಮತ್ತೆ ಬರೆಯಲಿ. ಅಳಿಸುವುದರಲ್ಲೇ ಅವನಿಗೆ ಜಾಸ್ತಿ ಖುಷಿ, ಇರಲಿ. ಒಂದು ವಾರ ‘ರ’ ಒಂದೇ ಆದರೂ ನಷ್ಟವಿಲ್ಲ. ಹಿಟ್ಟು ಜರಡಿ ಹಿಡಿದು ದೋಸೆಗೆ ಹಾಕಿ.

ಮಿಸ್ ಹತ್ತಿರ ಜಗಳ ಬೇಡ. ಅವರ ತಲೆ ಮೇಲೆ ನಿಮ್ಮಂಥ ನಲವತ್ತು ತಾಯಂದಿರ ಒತ್ತಡ ಇರುತ್ತದೆ, ಮೇಲಿನಿಂದ ಆಡಳಿತದವರದ್ದು ಬೇರೆ. ಎರಡನೇ ತರಗತಿಯವರೆಗೆ ಹೋಂವರ್ಕ್ ಬೇಡವೆಂದು ಕೇಂದ್ರದ 2020ರ ಶಾಲಾ ಬ್ಯಾಗ್ ನೀತಿಯೇ ಹೇಳುತ್ತದೆ. ನಿಮ್ಮವನು ಇನ್ನೂ ಎಲ್‌ಕೆಜಿ. ‘ದಿನಾ ಒಂದು ಸಾಲು, ಅವನು ನಗುತ್ತಿರುವಷ್ಟು ಹೊತ್ತು ಮಾತ್ರ ಬರೆಸುತ್ತೇನೆ’ ಎಂದು ಡೈರಿಯಲ್ಲೇ ಬರೆದು ಸಹಿ ಹಾಕಿ ಕಳಿಸಿ.

ಮಗಳು ಆಗಸ್ಟ್‌ನಲ್ಲಿ ಹುಟ್ಟಿದವಳು. ಎರಡು ತಿಂಗಳ ಲೆಕ್ಕದಲ್ಲಿ ಒಂದನೇ ಕ್ಲಾಸಿಗೆ ಒಂದು ವರ್ಷ ಕಾಯಬೇಕಂತೆ. ಒಂದು ವರ್ಷ ದಂಡ ಆಗಲ್ವಾ?
— ತಂದೆ, ತುಮಕೂರು

ಜೂನ್ 1ಕ್ಕೆ 6 ವರ್ಷ ತುಂಬಿರಬೇಕು ಎನ್ನುವುದು ನಿಯಮ. 2025-26ರಲ್ಲಿ ಒಂದು ಸಲಕ್ಕೆ ಎಂದು 5 ವರ್ಷ 5 ತಿಂಗಳಿಗೆ ಇಳಿಸಿದ್ದರು. ದಂಡ ಯಾಕಾಗುತ್ತದೆ? ಒಂದು ಮಳೆಗಾಲ ಜಾಸ್ತಿ ಆಡುತ್ತಾಳೆ. ಕ್ಲಾಸಿನಲ್ಲಿ ಎಲ್ಲರಿಗಿಂತ ಚಿಕ್ಕವಳಾಗಿ ಏದುಸಿರು ಬಿಡುವುದಕ್ಕಿಂತ ದೊಡ್ಡವಳಾಗಿ ಆರಾಮಾಗಿ ಕೂರುವುದು ವಾಸಿ. ನನ್ನ ಅನುಭವದಲ್ಲಿ ಬೇಗ ಬಂದ ಮಕ್ಕಳು ಮೂರನೇ ಕ್ಲಾಸಿನ ಹೊತ್ತಿಗೆ ಬಳಲಿರುತ್ತಿದ್ದರು.

ಎರಡು ವರ್ಷದ ಮಗು ಮೊಬೈಲ್ ಇಲ್ಲದೆ ಒಂದು ತುತ್ತೂ ತಿನ್ನುವುದಿಲ್ಲ. ಕೊಡಬೇಡಿ ಅಂದರೆ ಅತ್ತೆ ‘ಮಗು ಉಪವಾಸ ಕೆಡವಬೇಕಾ?’ ಅಂತಾರೆ.
— ಗೃಹಿಣಿ, ಹಾಸನ

ಮೊಬೈಲ್ ನೋಡುತ್ತಾ ತಿನ್ನುವ ಮಗು ನಿಜವಾಗಿ ತಿನ್ನುತ್ತಿಲ್ಲ, ನುಂಗುತ್ತಿದೆ. ಹೊಟ್ಟೆ ತುಂಬಿತೋ ಇಲ್ಲವೋ, ಬಾಯಲ್ಲಿ ಇದ್ದದ್ದು ಅನ್ನವೋ ಪಲ್ಯವೋ ಅದಕ್ಕೆ ಗೊತ್ತಾಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿದ್ದು, 2ರಿಂದ 4 ವರ್ಷದ ಮಕ್ಕಳಿಗೆ ಇಡೀ ದಿನಕ್ಕೆ ಒಂದು ಗಂಟೆಗಿಂತ ಜಾಸ್ತಿ ಪರದೆ ಬೇಡ, ಕಡಿಮೆಯಾದಷ್ಟೂ ಒಳ್ಳೆಯದು ಅಂತ. ಮೂರು ಹೊತ್ತಿನ ಊಟಕ್ಕೇ ನಿಮ್ಮ ಕೋಟಾ ಮುಗಿದುಹೋಗುತ್ತದೆ.

ಅತ್ತೆಯ ಜೊತೆ ವಾದ ಮಾಡಬೇಡಿ. ಅವರಿಗೇ ಕೆಲಸ ಕೊಡಿ. ನೆಲದ ಮೇಲೆ ಹಳೇ ಪೇಪರ್ ಹಾಸಿ, ಮಗುವನ್ನು ಅಜ್ಜಿಯ ಪಕ್ಕ ಕೂರಿಸಿ, ಅದಕ್ಕೊಂದು ಪುಟ್ಟ ತಟ್ಟೆ ಇಡಿ. ನಾಲ್ಕು ತುತ್ತು ಅನ್ನ, ಒಂದು ತುಂಡು ಬೆಂದ ಕ್ಯಾರೆಟ್ ಸಾಕು. ಅಜ್ಜಿ ತಮ್ಮ ಪಾಡಿಗೆ ಊಟ ಮಾಡಲಿ. ಮಗು ಕಲಸಲಿ, ತಲೆಗೆ ಮೆತ್ತಿಕೊಳ್ಳಲಿ. ಇಪ್ಪತ್ತು ನಿಮಿಷಕ್ಕೆ ತಟ್ಟೆ ಎತ್ತಿ, ಬೈಯದೆ. ಮಧ್ಯೆ ಬಿಸ್ಕತ್ತು, ಹಾಲಿನ ಬಾಟಲಿ ಕೊಟ್ಟು ‘ಪಾಪ’ ಅನ್ನಬೇಡಿ. ಎಲ್ಲ ಕೆಡುವುದು ಅಲ್ಲೇ. ಮೂರ್ನಾಲ್ಕು ದಿನ ಮನೆ ರಣರಂಗ ಆಗುತ್ತದೆ. ಆಮೇಲೆ ಹಸಿವು ಗೆಲ್ಲುತ್ತದೆ. ತಾಯಿ ಕಾರ್ಡ್ ತೆಗೆದುಕೊಂಡು ಅಂಗನವಾಡಿಗೆ ಹೋಗಿ ತೂಕ ಹಾಕಿಸಿ. ಗೆರೆ ಮೇಲಕ್ಕೆ ಹೋಗುತ್ತಿದ್ದರೆ ಅತ್ತೆಗೂ ಸಮಾಧಾನ. ಇಳಿಯುತ್ತಿದ್ದರೆ, ಇಲ್ಲವೇ ಏರದೆ ನಿಂತಿದ್ದರೆ ಡಾಕ್ಟರಿಗೆ ತೋರಿಸಿ.

ಅಂದ ಹಾಗೆ, ಆ ಹೊತ್ತಿನಲ್ಲಿ ಮಗುವಿನ ಅಪ್ಪನ ಫೋನೂ ಕಪಾಟಿನಲ್ಲಿರಲಿ.

ಐದು ವರ್ಷದ ಮಗ ಸುಳ್ಳು ಹೇಳಲು ಶುರುಮಾಡಿದ್ದಾನೆ. ಹಾಲು ಚೆಲ್ಲಿ ‘ಡೈನೋಸಾರ್ ಚೆಲ್ಲಿತು’ ಅಂದ.
— ತಾಯಿ, ಹುಬ್ಬಳ್ಳಿ

ನೋಡಿದ್ದೀರಿ, ಗೊತ್ತಿದೆ, ಆದರೂ ‘ಯಾರು ಚೆಲ್ಲಿದ್ದು?’ ಅಂತ ಕೇಳಿದಿರಿ. ಸುಳ್ಳಿಗೆ ಮಣೆ ಹಾಕಿದ್ದು ನೀವು. ಇನ್ನು ಮುಂದೆ ‘ಹಾಲು ಚೆಲ್ಲಿದೆ, ಒರೆಸುವ ಬಟ್ಟೆ ತಾ’ ಅನ್ನಿ, ಸಾಕು. ಡೈನೋಸಾರನ್ನೂ ಒರೆಸಲು ಕರೆಯಿರಿ.

ನಾವು ಮ್ಯೂನಿಕ್‌ನಲ್ಲಿದ್ದೇವೆ. ಐದು ವರ್ಷದ ಮಗಳಿಗೆ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಜರ್ಮನ್‌ನಲ್ಲಿ. ‘ಕನ್ನಡದಲ್ಲಿ ಹೇಳು’ ಅಂದರೆ ಬಾಯಿ ಮುಚ್ಚಿಕೊಳ್ಳುತ್ತಾಳೆ.
— ತಂದೆ, ಜರ್ಮನಿ

ಅರ್ಥವಾಗುತ್ತದಲ್ಲ, ಅರ್ಧ ಬಾವಿ ತೋಡಿ ಆಗಿದೆ. ನೀರು ಬರಲಿಲ್ಲ ಅಂತ ಬಿಟ್ಟು ಬರಬೇಡಿ. ನೀವಿಬ್ಬರೂ ಕನ್ನಡದಲ್ಲೇ ಮಾತಾಡುತ್ತಿರಿ. ‘ಕನ್ನಡದಲ್ಲಿ ಹೇಳು’ ಎನ್ನುವುದನ್ನು ನಿಲ್ಲಿಸಿ, ಅದರಲ್ಲೂ ನೆಂಟರ ಮುಂದೆ. ಪರೀಕ್ಷೆ ಅಂತ ಗೊತ್ತಾದರೆ ಯಾರ ನಾಲಿಗೆಯೂ ಏಳುವುದಿಲ್ಲ.

ಮಗುವಿಗೆ ಕನ್ನಡದ ಅಗತ್ಯ ಬೀಳಬೇಕು. ನಿಮಗೆ ಜರ್ಮನ್ ಗೊತ್ತು ಅಂತ ಅವಳಿಗೆ ಗೊತ್ತು. ಗೊತ್ತಿಲ್ಲದವರು ಊರಲ್ಲಿದ್ದಾರಲ್ಲ, ಅಜ್ಜಿ? ಭಾನುವಾರದ ವಿಡಿಯೊ ಕರೆಯಲ್ಲಿ ‘ಅಜ್ಜಿಗೆ ಹಾಯ್ ಹೇಳು, ಊಟ ಆಯ್ತಾ ಕೇಳು’ ಅಂತ ಮುಗಿಸಬೇಡಿ. ಇಬ್ಬರಿಗೂ ಒಂದು ಕೆಲಸ ಕೊಡಿ. ಚುಕ್ಕಿ ರಂಗೋಲಿ ಇದಕ್ಕೆ ಹೇಳಿ ಮಾಡಿಸಿದ್ದು. ಅಲ್ಲಿ ಅಜ್ಜಿ ನೆಲದ ಮೇಲೆ, ಇಲ್ಲಿ ಇವಳು ಕಾಗದದ ಮೇಲೆ. ‘ನಾಲ್ಕು ಚುಕ್ಕಿ, ನಾಲ್ಕು ಸಾಲು ಇಡು. ಮೇಲಿನದ್ದರಿಂದ ಪಕ್ಕದ್ದಕ್ಕೆ ಎಳಿ. ಅಲ್ಲ ಪುಟ್ಟಿ, ಕೆಳಗಿನದ್ದು. ಬಳಸಿಕೊಂಡು ಬಾ.’ ಹತ್ತು ನಿಮಿಷದಲ್ಲಿ ಎಣಿಕೆ, ದಿಕ್ಕು, ಎಡ ಬಲ ಎಲ್ಲ ಬಂತು. ಗೆರೆ ತಪ್ಪಿದಾಗ ಅವಳೇ ‘ಅಜ್ಜೀ, ಎಲ್ಲಿ?’ ಅಂತ ಕೇಳುತ್ತಾಳೆ. ಕೇಳಲೇಬೇಕು. ಆ ಹೊತ್ತಿಗೆ ನೀವು ಕೋಣೆಯಲ್ಲಿ ಇರಬೇಡಿ. ಇದ್ದರೆ ನಿಮ್ಮನ್ನು ದುಭಾಷಿ ಮಾಡಿಕೊಳ್ಳುತ್ತಾಳೆ.

ಆರು ವರ್ಷದ ಮಗಳಿಗೆ ಹೊಡೆಯುತ್ತೇನೆ. ಕೆಲಸ ಮುಗಿಸಿ ಬಂದು, ಅಡುಗೆ ಮಾಡುತ್ತಾ ಓದಿಸಲು ಕೂರಿಸಿದರೆ ಕೈ ತಾನಾಗಿ ಏಳುತ್ತದೆ. ಅವಳು ಮಲಗಿದ ಮೇಲೆ ಅಳುತ್ತೇನೆ. ನಾನು ಕೆಟ್ಟ ತಾಯಿಯಾ?
— ಹೆಸರು ಬೇಡ, ದಾವಣಗೆರೆ

ನನಗೆ ಬುದ್ಧಿ ಹೇಳುವ ಯೋಗ್ಯತೆ ಕಡಿಮೆ, ಕೇಳಿ. ಆಗ ನಮ್ಮ ಶಾಲೆಗೆ ನಲಿ-ಕಲಿ ಬಂದು ಒಂದೆರಡು ವರ್ಷವಾಗಿತ್ತು. ಊರ ಮಕ್ಕಳನ್ನು ತೊಡೆ ಮೇಲೆ ಕೂರಿಸಿಕೊಂಡು ಕಲಿಸುತ್ತಿದ್ದೆ. ನನ್ನ ಮಗ ಒಂದನೇ ಕ್ಲಾಸು. 9ನ್ನು ತಿರುಗಿಸಿ ಬರೆಯುತ್ತಿದ್ದ. ಟೀಚರ್ ಮಗ ಉಲ್ಟಾ ಬರೆಯುತ್ತಾನೆ ಅಂದರೆ ಮರ್ಯಾದೆ ಏನು ಉಳಿಯಿತು? ಮರದ ಸ್ಕೇಲಿನಿಂದ ಗೆಣ್ಣಿನ ಮೇಲೆ ಹೊಡೆಯುತ್ತಿದ್ದೆ. ಬೆಳಿಗ್ಗೆ ಶಾಲೆಯಲ್ಲಿ ನಲಿ-ಕಲಿ, ಸಂಜೆ ಮನೆಯಲ್ಲಿ ಸ್ಕೇಲು. ಆ ವಯಸ್ಸಿನಲ್ಲಿ ಎಷ್ಟೋ ಮಕ್ಕಳು ಹಾಗೆ ಕನ್ನಡಿಯೊಳಗಿನ ಅಕ್ಷರದಂತೆ ಬರೆಯುತ್ತಾರೆ, ಏಳರ ಹೊತ್ತಿಗೆ ಹೆಚ್ಚಿನವರಿಗೆ ತಾನಾಗಿ ಸರಿಹೋಗುತ್ತದೆ. ಶಾಲೆಯ ಮಕ್ಕಳ ವಿಷಯದಲ್ಲಿ ಇದು ನನಗೆ ಗೊತ್ತಿತ್ತು.

ಶಾಲೆಯಲ್ಲಿ ಹೊಡೆಯುವಂತಿಲ್ಲ ಅಂತ 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲೇ ಇದೆ. ಮನೆಗೆ ಬಂದು ನೋಡುವ ಇನ್‌ಸ್ಪೆಕ್ಟರ್ ಯಾರೂ ಇಲ್ಲ. ಹಾಗಾಗಿ ನೀವೇ ಒಂದು ವಾರ ಬರೆದಿಡಿ, ಕೈ ಎದ್ದದ್ದು ಎಷ್ಟು ಗಂಟೆಗೆ ಅಂತ. ಸಂಜೆ ಏಳರ ಸುಮಾರು ಇರಬೇಕು ನನ್ನ ಊಹೆ. ಆ ಹೊತ್ತಿಗೆ ಇಬ್ಬರಿಗೂ ಹಸಿವು. ಬಂದ ತಕ್ಷಣ ಒಲೆ ಹಚ್ಚಬೇಡಿ. ಅವಳಿಗೆ ಒಂದು ಬಾಳೆಹಣ್ಣು, ನಿಮಗೆ ಒಂದು ಲೋಟ ಕಾಫಿ, ಹೊಸ್ತಿಲ ಮೇಲೆ ಹತ್ತು ನಿಮಿಷ ಇಬ್ಬರೂ ಕೂರಿ. ಓದಿಸುವ ಹೊತ್ತನ್ನು ಬೆಳಿಗ್ಗೆಗೆ ಹಾಕಿ. ಸಂಜೆ ಅವಳು ಅಡುಗೆಮನೆಯಲ್ಲಿ ತಟ್ಟೆ ಎಣಿಸಿ ಇಡಲಿ, ಅವರೆ ಹಿತಕಲಿ. ಮತ್ತೂ ಕೈ ಎದ್ದರೆ ಬಚ್ಚಲಿಗೆ ಹೋಗಿ ಮುಖಕ್ಕೆ ನೀರು ಹಾಕಿಕೊಳ್ಳಿ. ಸಾರು ಉಕ್ಕಿದರೆ ಉಕ್ಕಲಿ.

ಹೊಡೆದ ದಿನ ಅವಳು ಮಲಗುವ ಮೊದಲೇ ‘ನಾನು ಹೊಡೆದದ್ದು ತಪ್ಪು’ ಅಂತ ಹೇಳಿ. ‘ಆದರೆ ನೀನೂ…’ ಅಂತ ಮುಂದುವರಿಸಬೇಡಿ.

ಹೋದ ತಿಂಗಳು ಮೊಮ್ಮಗಳು 3ನ್ನು ತಿರುಗಿಸಿ ಬರೆದಳು. ಮಗ ನಗುತ್ತಾ ‘ಅಮ್ಮಾ, ಸ್ಕೇಲ್ ಎಲ್ಲಿ?’ ಅಂದ. ನನಗೆ ನಗಲು ಆಗಲಿಲ್ಲ. ಅವತ್ತು ರಾತ್ರಿ ಕ್ಷಮೆ ಕೇಳಿದೆ. ಸ್ವಲ್ಪ ಹೊತ್ತು ಸುಮ್ನಿದ್ದು, ‘ಮೂವತ್ತು ವರ್ಷ ಬೇಕಾಯ್ತಾಮ್ಮಾ?’ ಅಂದ. ನೀವು ಇವತ್ತೇ ಕೇಳಿ.