ಎಫೆಕ್ಟ್ಸ್ ಯೂನಿಟ್ ಕೈಕೊಟ್ಟಾಗ: ಓದುಗರ ಪ್ರಶ್ನೆ, ನಮ್ಮ ಉತ್ತರ

ಪ್ರಶ್ನೆ: ಮನೆಯ ಒಂದು ಕೋಣೆಯಲ್ಲಿ ಸಣ್ಣ ರೆಕಾರ್ಡಿಂಗ್ ಸ್ಟುಡಿಯೋ ಮಾಡಿಕೊಂಡಿದ್ದೇನೆ. ಹಾಡಿಗೆ ರಿವರ್ಬ್ (ದೊಡ್ಡ ಕೋಣೆಯಲ್ಲಿ ಹಾಡಿದಂತೆ ಕೇಳಿಸುವ ಅನುರಣನ) ಸೇರಿಸಲೆಂದು ಹಳೆಯ ರ‍್ಯಾಕ್ ಯೂನಿಟ್ ಒಂದನ್ನು ಕೊಂಡು, ಧ್ವನಿಯನ್ನು ಕಂಪ್ಯೂಟರಿಗೆ ಸೇರಿಸುವ ಆಡಿಯೋ ಇಂಟರ್‌ಫೇಸ್‌ನ ಔಟ್‌ಪುಟ್‌ನಿಂದ ಅದಕ್ಕೂ, ಅದರಿಂದ ಮರಳಿ ಇಂಟರ್‌ಫೇಸ್‌ಗೂ ಕೇಬಲ್ ಹಾಕಿದ್ದೇನೆ. ಹಾಡು ನಿಂತ ಮೇಲೂ ಗುಂಯ್ ಎನ್ನುವ ಸದ್ದು ನಿಲ್ಲುವುದಿಲ್ಲ. ಒಳಗಿನ ಕೆಪಾಸಿಟರ್‌ಗಳು ಹೋಗಿವೆ, ಎಲ್ಲವನ್ನೂ ಬದಲಿಸಬೇಕು ಎಂದು ಪರಿಚಿತರೊಬ್ಬರು ಹೇಳುತ್ತಾರೆ. ಅವರ ಮಾತು ಸರಿಯೇ?

ಉತ್ತರ: ಸರಿಯಿರಬಹುದು, ಆದರೆ ನೀವು ಬರೆದಿರುವಷ್ಟರಿಂದ ಆ ತೀರ್ಮಾನಕ್ಕೆ ಬರಲಾಗದು. ಇಂಥ ಸದ್ದು ಸಾಮಾನ್ಯವಾಗಿ ಎರಡು ಕಡೆ ಹುಟ್ಟುತ್ತದೆ. ಒಂದು, ಯೂನಿಟ್ಟಿನ ಪವರ್ ಸಪ್ಲೈ. ಇನ್ನೊಂದು, ಯೂನಿಟ್ಟೂ ಕಂಪ್ಯೂಟರೂ ತಮ್ಮ ತಮ್ಮ ಪ್ಲಗ್ಗಿನ ಮೂಲಕ ಅರ್ತ್ ಆಗಿರುವಾಗಲೇ ಆಡಿಯೋ ಕೇಬಲ್ಲಿನ ಶೀಲ್ಡ್ (ತಂತಿಯನ್ನು ಸುತ್ತಿದ ಲೋಹದ ಹೊದಿಕೆ) ಮೂಲಕವೂ ಒಂದಕ್ಕೊಂದು ಸೇರಿಕೊಂಡಾಗ ಏರ್ಪಡುವ ಗ್ರೌಂಡ್ ಲೂಪ್. ಎರಡನೆಯ ಸಂದರ್ಭದಲ್ಲಿ ಉಪಕರಣಗಳೆರಡೂ ನೆಟ್ಟಗೇ ಇರುತ್ತವೆ. ಆ ಸುತ್ತಿನಲ್ಲಿ ಹರಿಯುವ ಅಲ್ಪ ವಿದ್ಯುತ್ತು ಮಾತ್ರ ಸದ್ದಾಗಿ ಕೇಳಿಸುತ್ತದೆ. ಕೆಟ್ಟಿದೆ ಎಂದು ಬಿಚ್ಚಿ, ಬಿಚ್ಚಿದ್ದರಿಂದಲೇ ಕೆಟ್ಟ ಯೂನಿಟ್ಟುಗಳಿಗೆ ಕೊರತೆಯಿಲ್ಲವಾದ್ದರಿಂದ, ಸ್ಕ್ರೂಡ್ರೈವರ್ ಹಿಡಿಯುವ ಮೊದಲು ಮೂಲ ಯಾವುದೆಂದು ಖಚಿತಪಡಿಸಿಕೊಳ್ಳುವುದು ಒಳ್ಳೆಯದು.

ನಿಮ್ಮದು ಲ್ಯಾಪ್‌ಟಾಪ್ ಆಗಿದ್ದು, ಇಂಟರ್‌ಫೇಸ್ ಯುಎಸ್‌ಬಿಯಿಂದಲೇ ವಿದ್ಯುತ್ ಪಡೆಯುವಂತಿದ್ದರೆ ಪರೀಕ್ಷೆ ಸುಲಭ. ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ನಡೆಸಿ, ಸ್ಪೀಕರ್‌ಗಳ ಕೇಬಲ್‌ಗಳನ್ನೂ ಇಂಟರ್‌ಫೇಸ್‌ನಿಂದ ತೆಗೆದು, ಹೆಡ್‌ಫೋನಿನಲ್ಲಿ ಕೇಳಿ. ಸ್ಪೀಕರ್ ಕೇಬಲ್ ತೆಗೆಯುವುದನ್ನು ಬಹಳ ಜನ ಮರೆಯುತ್ತಾರೆ. ಆಂಪ್ಲಿಫೈಯರ್ ಒಳಗೇ ಇರುವ ಮಾನಿಟರ್ ಸ್ಪೀಕರ್‌ಗಳೂ ಗೋಡೆಯ ಪ್ಲಗ್ಗಿಗೆ ಸೇರಿರುವುದರಿಂದ ಲೂಪ್ ಅವುಗಳ ದಾರಿಯಿಂದಲೂ ಮುಚ್ಚಿಕೊಳ್ಳಬಲ್ಲದು. ಇಷ್ಟು ಮಾಡಿದಾಗ ಸದ್ದು ಅಡಗಿದರೆ ನಿಮ್ಮ ಯೂನಿಟ್ ನಿರಪರಾಧಿ. ಅಡಗದಿದ್ದರೆ ಯೂನಿಟ್ಟಿನ ಇನ್‌ಪುಟ್ ಕೇಬಲ್ಲನ್ನೂ ಕಿತ್ತು, ಔಟ್‌ಪುಟ್ ಒಂದನ್ನೇ ಉಳಿಸಿ ಮತ್ತೆ ಕೇಳಿ. ಆಗಲೂ ಗುಂಯ್ಗುಟ್ಟಿದರೆ ದೋಷ ಒಳಗೇ ಇರುವ ಸಾಧ್ಯತೆ ಹೆಚ್ಚು.

ಸದ್ದಿನ ಸ್ಥಾಯಿಯಿಂದಲೂ ಒಂದು ಸುಳಿವು ಸಿಗುತ್ತದೆ. ಆ ಸದ್ದನ್ನಷ್ಟೇ ಹತ್ತು ಸೆಕೆಂಡು ರೆಕಾರ್ಡ್ ಮಾಡಿ, ಸಾಫ್ಟ್‌ವೇರಿನ ಸ್ಪೆಕ್ಟ್ರಮ್ ಅನಲೈಸರಿನಲ್ಲಿ ನೋಡಿ. ಮನೆಯ ವಿದ್ಯುತ್ತು 50 ಹರ್ಟ್ಜ್ ಇರುವಲ್ಲಿ ಅತಿ ಎತ್ತರದ ಗೆರೆ 50ರಲ್ಲಿದ್ದರೆ ಗ್ರೌಂಡ್ ಲೂಪನ್ನೋ, ಹತ್ತಿರದ ಟ್ರಾನ್ಸ್‌ಫಾರ್ಮರನ್ನೋ ಶಂಕಿಸಬೇಕು. 100ರಲ್ಲಿದ್ದರೆ ಪವರ್ ಸಪ್ಲೈನ ಫಿಲ್ಟರ್ ಕೆಪಾಸಿಟರ್‌ಗಳನ್ನು ಶಂಕಿಸಬೇಕು, ಏಕೆಂದರೆ ರೆಕ್ಟಿಫೈಯರ್ ಪರ್ಯಾಯ ವಿದ್ಯುತ್ತಿನ ಎರಡೂ ಅರ್ಧಗಳನ್ನು ಒಂದೇ ಕಡೆಗೆ ತಿರುಗಿಸುವಾಗ ಏರಿಳಿತ ಇಮ್ಮಡಿಯಾಗುತ್ತದೆ. ಅದನ್ನು ಸಮತಟ್ಟು ಮಾಡಬೇಕಾದ ಕೆಪಾಸಿಟರ್ ದುರ್ಬಲವಾದರೆ ಆ ಏರಿಳಿತವೇ ಧ್ವನಿಗೆ ಬೆರೆಯುತ್ತದೆ. 60 ಹರ್ಟ್ಜ್ ವಿದ್ಯುತ್ ಇರುವಲ್ಲಿ ಇದೇ ಲೆಕ್ಕ 60 ಮತ್ತು 120 ಆಗುತ್ತದೆ. ಲೂಪಿನ ಸದ್ದಿನಲ್ಲಿಯೂ ಮೇಲಿನ ಸ್ವರಗಳು ಬೆರೆತಿರುವುದುಂಟು, ಆದ್ದರಿಂದ ಈ ಗೆರೆಯೊಂದನ್ನೇ ನಂಬಿ ತೀರ್ಪು ಕೊಡಬೇಡಿ.

ಲೂಪ್ ಎಂದು ಖಚಿತವಾದರೆ ಎಲ್ಲ ಉಪಕರಣಗಳಿಗೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿನಿಂದ ವಿದ್ಯುತ್ ಕೊಡಿ, ಸಾಧ್ಯವಿರುವಲ್ಲೆಲ್ಲ ಬ್ಯಾಲೆನ್ಸ್ಡ್ (ಒಂದೇ ಸಂಕೇತವನ್ನು ಧನ, ಋಣ ಎಂಬ ಎರಡು ತಂತಿಗಳಲ್ಲಿ ಒಯ್ಯುವ) ಕೇಬಲ್ ಬಳಸಿ. ಸಾಲದಿದ್ದರೆ ನಡುವೆ, ತಂತಿಗಳು ನೇರವಾಗಿ ಸೇರದಂತೆ ಧ್ವನಿಯನ್ನಷ್ಟೇ ದಾಟಿಸುವ ಆಡಿಯೋ ಐಸೋಲೇಷನ್ ಟ್ರಾನ್ಸ್‌ಫಾರ್ಮರ್ ಹಾಕಿ. ಪ್ಲಗ್ಗಿನ ಅರ್ತ್ ಪಿನ್ ಮುರಿದುಹಾಕುವ ಸಲಹೆಯನ್ನು ಯಾರೇ ಕೊಟ್ಟರೂ ಕೇಳಬೇಡಿ. ಸದ್ದೇನೋ ನಿಲ್ಲುತ್ತದೆ, ಆದರೆ ಒಳಗೆ ಫೇಸ್ ತಂತಿ ಲೋಹದ ಹೊರಕವಚಕ್ಕೆ ತಾಗಿದ ದಿನ ಆ ವಿದ್ಯುತ್ತಿಗೆ ನಿಮ್ಮ ಕೈಯಲ್ಲದೆ ಬೇರೆ ದಾರಿ ಇರುವುದಿಲ್ಲ.

ದೋಷ ಒಳಗೇ ಇದ್ದರೂ ಎಲ್ಲ ಕೆಪಾಸಿಟರ್‌ಗಳನ್ನು ಕಿತ್ತುಹಾಕುವ ಅಗತ್ಯವಿಲ್ಲ. ಬಿಸಿಗೆ ಮೊದಲು ಬಲಿಯಾಗುವವು ಪವರ್ ಸಪ್ಲೈನ ದೊಡ್ಡ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳು. ತಾಪ ಹತ್ತು ಡಿಗ್ರಿ ಸೆಲ್ಸಿಯಸ್ ಏರಿದರೆ ಅವುಗಳ ಆಯುಷ್ಯ ಸುಮಾರು ಅರ್ಧಕ್ಕೆ ಇಳಿಯುತ್ತದೆ ಎಂಬುದು ರೂಢಿಯ ಲೆಕ್ಕ. ಅವನ್ನು ಅಷ್ಟೇ ಮೈಕ್ರೋಫ್ಯಾರಡ್, ಅಷ್ಟೇ ಅಥವಾ ತುಸು ಹೆಚ್ಚಿನ ವೋಲ್ಟೇಜ್, 105 ಡಿಗ್ರಿ ಎಂದು ಬರೆದಿರುವ ಕೆಪಾಸಿಟರ್‌ಗಳಿಂದ ಬದಲಿಸಿದರೆ ಸಾಮಾನ್ಯವಾಗಿ ಸಾಕು. ಧನ, ಋಣ ತುದಿಗಳು ಅದಲುಬದಲಾಗದಂತೆ ನೋಡಿಕೊಳ್ಳಿ. ಒಳಗಿರುವುದು ಸ್ವಿಚ್ಡ್ ಮೋಡ್ ಸಪ್ಲೈ (ಮನೆಯ ವಿದ್ಯುತ್ತನ್ನು ಮೊದಲು ನೇರವಾಗಿ ಡಿಸಿ ಮಾಡಿ, ಬಳಿಕ ವೇಗವಾಗಿ ಕಡಿದು ತಗ್ಗಿಸುವ ಬಗೆ) ಆಗಿದ್ದರೆ, ಪ್ಲಗ್ ಕಿತ್ತ ಮೇಲೂ ಅದರ ಕೆಪಾಸಿಟರಿನಲ್ಲಿ 300 ವೋಲ್ಟಿಗೂ ಹೆಚ್ಚು ಉಳಿದಿರಬಹುದಾದ್ದರಿಂದ ಆ ಕೆಲಸವನ್ನು ಬಲ್ಲವರಿಗೇ ಬಿಡಿ.

ಪ್ರಶ್ನೆ: ಡಿಲೇ ಪೆಡಲ್ಲಿನ (ಧ್ವನಿಯನ್ನು ತುಸು ತಡವಾಗಿ ಮರುನುಡಿಸುವ, ಕಾಲಲ್ಲಿ ಒತ್ತುವ ಪೆಟ್ಟಿಗೆಯ) ಅಡಾಪ್ಟರ್ ಕಳೆದುಹೋಗಿ, ಮನೆಯಲ್ಲಿದ್ದ ಇನ್ನೊಂದು 9 ವೋಲ್ಟ್ ಅಡಾಪ್ಟರ್ ಹಾಕಿದೆ. ದೀಪ ಹತ್ತಲಿಲ್ಲ. ಈಗ ಸರಿಯಾದ ಅಡಾಪ್ಟರ್ ತಂದರೂ ಹತ್ತುತ್ತಿಲ್ಲ. ಪೆಡಲ್ ಪೂರ್ತಿ ಸುಟ್ಟಿದೆಯೇ?

ಉತ್ತರ: ಪೂರ್ತಿ ಸುಟ್ಟಿರಲಾರದು. ಅಡಾಪ್ಟರಿನ ಮೇಲೆ 9 ವೋಲ್ಟ್ ಎಂದಿದ್ದ ಮಾತ್ರಕ್ಕೆ ಎಲ್ಲವೂ ಒಂದೇ ಅಲ್ಲ. ಅದು ಎಸಿ ಕೊಡುತ್ತದೆಯೋ ಡಿಸಿ ಕೊಡುತ್ತದೆಯೋ, ಪಿನ್ನಿನ ನಡುಭಾಗ ಋಣವೋ ಧನವೋ, ಪೆಡಲ್ ಬೇಡುವಷ್ಟು ಮಿಲಿಆಂಪಿಯರ್ ಕೊಡಬಲ್ಲದೋ ಎಂಬ ಮೂರನ್ನೂ ನೋಡಬೇಕು. ಪೆಡಲ್‌ಗಳಲ್ಲಿ ನಡುಭಾಗ ಋಣವಾಗಿರುವುದೇ ಹೆಚ್ಚು. ಬೇರೆ ಮನೆಬಳಕೆಯ ಅಡಾಪ್ಟರ್‌ಗಳಲ್ಲಿ ಅದು ಬಹುಮಟ್ಟಿಗೆ ಧನ.

ಈ ಅದಲುಬದಲನ್ನು ಎದುರಿಸಲೆಂದೇ ಹಲವು ಪೆಡಲ್‌ಗಳಲ್ಲಿ ವಿದ್ಯುತ್ತಿನ ಎರಡು ತಂತಿಗಳ ನಡುವೆ ಒಂದು ಡಯೋಡನ್ನು ಅಡ್ಡಲಾಗಿ ಕೂರಿಸಿರುತ್ತಾರೆ. ತಲೆಕೆಳಗಾದ ವಿದ್ಯುತ್ತು ಬಂದಾಗ ಅದು ಎಲ್ಲವನ್ನೂ ತನ್ನ ಮೂಲಕ ಹರಿಸಿ, ಕೆಲವೊಮ್ಮೆ ತಾನೇ ಶಾರ್ಟ್ ಆಗಿ, ಉಳಿದ ಸರ್ಕ್ಯೂಟನ್ನು ಕಾಯುತ್ತದೆ. ಶಾರ್ಟ್ ಆದ ಡಯೋಡ್ ಇರುವವರೆಗೆ ಯಾವ ಅಡಾಪ್ಟರ್ ತಂದರೂ ದೀಪ ಹತ್ತದು. ಪವರ್ ಸಾಕೆಟ್ಟಿನ ಬಳಿ, ಒಂದು ತುದಿಯಲ್ಲಿ ಬೆಳ್ಳಿಬಣ್ಣದ ಪಟ್ಟಿಯಿರುವ ಕಪ್ಪು ತುಣುಕನ್ನು ಹುಡುಕಿ. ಅದರ ಒಂದು ಕಾಲನ್ನು ಬೋರ್ಡಿನಿಂದ ಬಿಡಿಸಿ ಮಲ್ಟಿಮೀಟರಿನಲ್ಲಿ ಡಯೋಡ್ ಪರೀಕ್ಷೆ ಮಾಡಿ. ಒಳ್ಳೆಯ ಸಿಲಿಕಾನ್ ಡಯೋಡ್ ಒಂದು ದಿಕ್ಕಿನಲ್ಲಿ 0.5ರಿಂದ 0.7 ವೋಲ್ಟ್ ತೋರಿಸಿ, ಇನ್ನೊಂದು ದಿಕ್ಕಿನಲ್ಲಿ ಏನನ್ನೂ ತೋರಿಸುವುದಿಲ್ಲ. ಎರಡೂ ಕಡೆ ಸೊನ್ನೆಯ ಹತ್ತಿರ ಬಂದರೆ ಅದನ್ನು ಬದಲಿಸಿ. 1ಎನ್4001 ಮಾದರಿಯದು ಸಾಮಾನ್ಯವಾಗಿ ಹೊಂದುತ್ತದೆ. ಡಯೋಡ್ ಸರಿಯಿದ್ದೂ ಪೆಡಲ್ ಸತ್ತಿದ್ದರೆ ದೋಷ ಇನ್ನೂ ಒಳಗಿದೆ.

ಪ್ರಶ್ನೆ: ಆಂಪ್ಲಿಫೈಯರಿನ ಸ್ಪ್ರಿಂಗ್ ರಿವರ್ಬ್ ಇದ್ದಕ್ಕಿದ್ದಂತೆ ಮೂಕವಾಗಿದೆ. ಮೂಲ ಧ್ವನಿ ಸರಿಯಾಗಿಯೇ ಬರುತ್ತದೆ. ಎಲ್ಲಿಂದ ಹುಡುಕಬೇಕು?

ಉತ್ತರ: ನಮ್ಮ ಮಟ್ಟಿಗೆ ಮನೆಯಲ್ಲಿಯೇ ಪತ್ತೆಹಚ್ಚಲು ಇಷ್ಟು ಅನುಕೂಲವಾದ ದೋಷ ಇನ್ನೊಂದಿಲ್ಲ, ಏಕೆಂದರೆ ಇಲ್ಲಿ ಧ್ವನಿಯ ದಾರಿಯನ್ನು ಕೈಯಿಂದ ಮುಟ್ಟಬಹುದು. ಸಂಕೇತ ಮೊದಲು ಇನ್‌ಪುಟ್ ಕಾಯಿಲ್ಲಿಗೆ ಹೋಗುತ್ತದೆ, ಅದು ಸ್ಪ್ರಿಂಗನ್ನು ನಡುಗಿಸುತ್ತದೆ, ಆ ನಡುಕ ಇನ್ನೊಂದು ತುದಿಯ ಔಟ್‌ಪುಟ್ ಕಾಯಿಲ್ಲಿನಲ್ಲಿ ಮತ್ತೆ ವಿದ್ಯುತ್ತಾಗಿ, ವರ್ಧಿತವಾಗಿ ಹೊರಬರುತ್ತದೆ. ರಿವರ್ಬ್ ನಾಬನ್ನು ನಡುವಿಗೆ ತಿರುಗಿಸಿ, ಒಟ್ಟು ವಾಲ್ಯೂಮ್ ತಗ್ಗಿಸಿ, ಸ್ಪ್ರಿಂಗೂ ಕಾಯಿಲ್‌ಗಳೂ ಇರುವ ಲೋಹದ ಪೆಟ್ಟಿಗೆಯಾದ ಟ್ಯಾಂಕನ್ನು ಬೆರಳಿನಿಂದ ಮೆಲ್ಲನೆ ತಟ್ಟಿ. ಸ್ಪೀಕರಿನಲ್ಲಿ ಗುಡುಗಿದಂತೆ ಝಲ್ಲೆಂದರೆ ಔಟ್‌ಪುಟ್ ಕಾಯಿಲ್ಲೂ ಅದರ ಮುಂದಿನ ವರ್ಧಕವೂ ಸರಿಯಿವೆ ಎಂದರ್ಥ. ತಪ್ಪು ಇನ್‌ಪುಟ್ ಕಡೆಗಿದೆ. ಏನೂ ಕೇಳದಿದ್ದರೆ ಔಟ್‌ಪುಟ್ ಕಡೆ ನೋಡಬೇಕು. ಒಂದೇ ತಟ್ಟಿನಿಂದ ಅರ್ಧ ಕೆಲಸ ಮುಗಿಯಿತು.

ಬಳಿಕ ಆಂಪ್ಲಿಫೈಯರನ್ನು ಆಫ್ ಮಾಡಿ, ಪ್ಲಗ್ ಕಿತ್ತು, ಟ್ಯಾಂಕಿನ ಎರಡೂ ಕೇಬಲ್ ತೆಗೆದು, ಸಾಕೆಟ್‌ಗಳ ಒಳಪಿನ್ನು ಮತ್ತು ಹೊರಬಳೆಯ ನಡುವಿನ ರೋಧವನ್ನು ಅಳೆಯಿರಿ. ಬಳಕೆಯಲ್ಲಿರುವ ಬಹಳಷ್ಟು ಟ್ಯಾಂಕುಗಳಲ್ಲಿ ಔಟ್‌ಪುಟ್ ಕಾಯಿಲ್ 200 ಓಮ್ ಆಸುಪಾಸು ತೋರಿಸುತ್ತದೆ. ಇನ್‌ಪುಟ್ ಕಾಯಿಲ್ ಮಾದರಿಗೆ ತಕ್ಕಂತೆ ಬದಲಾಗುತ್ತದೆ. 8 ಓಮ್ ಎಂದು ಗುರುತಿಸಿದ್ದು ಮೀಟರಿನಲ್ಲಿ ಒಂದು ಓಮ್‌ಗಿಂತ ಕಡಿಮೆ ಬಂದರೆ ಗಾಬರಿಯಾಗಬೇಕಿಲ್ಲ, ಏಕೆಂದರೆ ಆ 8 ಎಂಬುದು ಧ್ವನಿಸಂಕೇತಕ್ಕೆ ಕಾಯಿಲ್ ಒಡ್ಡುವ ಇಂಪೀಡನ್ಸ್, ಮೀಟರ್ ಅಳೆಯುವುದು ಬರಿಯ ತಂತಿಯ ರೋಧ. ಮೀಟರ್ ಏನನ್ನೂ ತೋರಿಸದಿದ್ದರೆ ಎಲ್ಲೋ ತಂತಿ ತುಂಡಾಗಿದೆ. ಅದು ಬಹುಪಾಲು ಕಾಯಿಲ್ಲಿನೊಳಗಲ್ಲ, ಸಾಕೆಟ್ಟಿನಿಂದ ಕಾಯಿಲ್ಲಿಗೆ ಹೋಗುವ ಕೂದಲೆಳೆಯಂಥ ತಂತಿಯ ಬೆಸುಗೆಯ ಬುಡದಲ್ಲಿ. ಅದನ್ನು ಕಾಣಲು ಭೂತಗನ್ನಡಿ ಬೇಕಾಗುತ್ತದೆ. ಎಳೆಯಲ್ಲಿ ತುಸು ಸಡಿಲ ಉಳಿಯುವಂತೆ ಮತ್ತೆ ಬೆಸುಗೆ ಹಾಕಿ; ಬಿಗಿಯಾಗಿ ಎಳೆದರೆ ಅಲ್ಲೇ ಮತ್ತೆ ಮುರಿಯುತ್ತದೆ.

ಎರಡೂ ಕಾಯಿಲ್ ಸರಿಯಿದ್ದರೆ ಸ್ಪ್ರಿಂಗ್ ಕೊಕ್ಕೆಯಿಂದ ಕಳಚಿದೆಯೇ ಎಂದೂ, ಇತ್ತೀಚೆಗೆ ಯಾರಾದರೂ ಟ್ಯಾಂಕಿನ ಎರಡು ಕೇಬಲ್‌ಗಳನ್ನು ಅದಲುಬದಲು ಮಾಡಿದ್ದಾರೆಯೇ ಎಂದೂ ನೋಡಿ. ಮರಳಿ ಜೋಡಿಸುವಾಗ ಔಟ್‌ಪುಟ್ ತುದಿ ಪವರ್ ಟ್ರಾನ್ಸ್‌ಫಾರ್ಮರಿನಿಂದ ದೂರವಿರಲಿ, ಇಲ್ಲದಿದ್ದರೆ ಮೂಕವಾಗಿದ್ದದ್ದು ಗುಂಯ್ಗುಟ್ಟತೊಡಗುತ್ತದೆ.

ಪ್ರಶ್ನೆ: ಎಫೆಕ್ಟಿನ ಸೆಟ್ಟಿಂಗ್‌ಗಳನ್ನು ಹೊಂದಿಸಿ ನಾನು ಉಳಿಸಿಟ್ಟ ಪ್ರೋಗ್ರಾಮ್‌ಗಳೆಲ್ಲ ಯೂನಿಟ್ ಆಫ್ ಮಾಡಿದೊಡನೆ ಅಳಿಸಿಹೋಗುತ್ತಿವೆ. ಮೆಮೊರಿ ಚಿಪ್ ಹಾಳಾಗಿದೆಯೇ?

ಉತ್ತರ: ಹಳೆಯ ಡಿಜಿಟಲ್ ಯೂನಿಟ್ಟಾದರೆ ಚಿಪ್ಪಿಗಿಂತ ಮೊದಲು ಬ್ಯಾಟರಿಯನ್ನು ಶಂಕಿಸಿ. ವಿದ್ಯುತ್ ಇಲ್ಲದಾಗ ಮೆಮೊರಿಯನ್ನು ಉಳಿಸುವುದು ಬೋರ್ಡಿನ ಮೇಲಿರುವ 3 ವೋಲ್ಟಿನ ಲಿಥಿಯಂ ಸೆಲ್, ಹಲವು ಯೂನಿಟ್ಟುಗಳಲ್ಲಿ ಸಿಆರ್2032. ಇನ್ನೂ ಏನಾದರೂ ಉಳಿದಿದ್ದರೆ, ಸೆಲ್ ಬದಲಿಸುವ ಮೊದಲು ಮಿಡಿ (ಸಂಗೀತ ಉಪಕರಣಗಳ ನಡುವೆ ಮಾಹಿತಿ ಸಾಗಿಸುವ) ಕೇಬಲ್ ಮೂಲಕ ಎಲ್ಲ ಪ್ರೋಗ್ರಾಮ್‌ಗಳನ್ನೂ ಕಂಪ್ಯೂಟರಿಗೆ ಇಳಿಸಿಕೊಳ್ಳಿ. ಸೆಲ್ಲಿಗೆ ನೇರವಾಗಿ ಬೆಸುಗೆ ಹಾಕಬಾರದು, ಶಾಖಕ್ಕೆ ಅದು ಸಿಡಿಯಬಹುದು. ಲೋಹದ ಕಾಲುಗಳಿರುವ ಸೆಲ್ ಅಥವಾ ಹೋಲ್ಡರ್ ಬಳಸಿ. ಹೊಸ ಸೆಲ್ ಹಾಕಿದ ಮೇಲೆ ಪರದೆಯಲ್ಲಿ ಅರ್ಥವಿಲ್ಲದ ಅಕ್ಷರಗಳು ಕಂಡರೆ ಕೈಪಿಡಿಯಲ್ಲಿರುವಂತೆ ಯೂನಿಟ್ಟನ್ನು ಮೂಲಸ್ಥಿತಿಗೆ ತನ್ನಿ.

ಪ್ರಶ್ನೆ: ಯೂನಿಟ್ಟನ್ನು ಡಿಜಿಟಲ್ ಕೇಬಲ್ಲಿನಿಂದ ಇಂಟರ್‌ಫೇಸ್‌ಗೆ ಜೋಡಿಸಿದಾಗ ಮಾತ್ರ ಟಿಕ್ ಟಿಕ್ ಎಂದು ಸದ್ದು ಬರುತ್ತದೆ. ಅನಲಾಗ್ ಕೇಬಲ್ಲಿನಲ್ಲಿ ಬರುವುದಿಲ್ಲ.

ಉತ್ತರ: ಇದು ಕ್ಲಾಕ್ ಹೊಂದಾಣಿಕೆಯ ಸಮಸ್ಯೆ. ಎರಡೂ ಉಪಕರಣಗಳು ತಮ್ಮ ತಮ್ಮ ಗಡಿಯಾರವನ್ನೇ ಅನುಸರಿಸಿದರೆ, ಎರಡರಲ್ಲೂ 48 ಕಿಲೋಹರ್ಟ್ಜ್ ಎಂದೇ ಇದ್ದರೂ ಅವು ನಿಧಾನವಾಗಿ ಹಿಂದುಮುಂದಾಗಿ, ಆಗಾಗ ಒಂದು ಸ್ಯಾಂಪಲ್ (ಧ್ವನಿಯ ಒಂದು ಕ್ಷಣದ ಅಳತೆ) ತಪ್ಪಿಹೋಗುತ್ತದೆ. ಒಂದನ್ನು ಮಾಸ್ಟರ್ ಮಾಡಿ, ಇನ್ನೊಂದರಲ್ಲಿ ಕ್ಲಾಕ್ ಮೂಲವನ್ನು ಡಿಜಿಟಲ್ ಇನ್‌ಪುಟ್ ಎಂದು ಆರಿಸಿ. ಸ್ಯಾಂಪಲ್ ರೇಟ್ ಒಂದರಲ್ಲಿ 44.1, ಇನ್ನೊಂದರಲ್ಲಿ 48 ಇಲ್ಲವೆಂದೂ ಖಚಿತಪಡಿಸಿಕೊಳ್ಳಿ. ಇಷ್ಟರ ಮೇಲೂ ಟಿಕ್ ಎಂದರೆ ಸಾಮಾನ್ಯ ಕೇಬಲ್ಲಿನ ಬದಲು 75 ಓಮ್ ಕೋಆಕ್ಸಿಯಲ್ ಕೇಬಲ್ ಹಾಕಿ ನೋಡಿ.

ಪ್ರಶ್ನೆ: ಮಿಕ್ಸರಿನ ಹೆಡ್‌ಫೋನ್ ಜ್ಯಾಕಿನಿಂದ, ಧ್ವನಿಯ ಏರಿಳಿತವನ್ನು ಹದಗೊಳಿಸುವ ಕಂಪ್ರೆಸರಿಗೆ ಒಂದೇ ಕೇಬಲ್ ಹಾಕಿದ್ದೇನೆ. ಹಾಡುಗಾರರ ಧ್ವನಿ ಮಾಯವಾಗಿ, ರಿವರ್ಬಿನ ನೆರಳಷ್ಟೇ ಕೇಳುತ್ತದೆ. ಕಂಪ್ರೆಸರ್ ಕೆಟ್ಟಿರಬಹುದೇ?

ಉತ್ತರ: ಕಂಪ್ರೆಸರ್ ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿದೆ. ಹೆಡ್‌ಫೋನ್ ಜ್ಯಾಕ್ ಮೂರು ಸಂಪರ್ಕಗಳಲ್ಲಿ ಎಡ, ಬಲ, ಗ್ರೌಂಡ್ ಕೊಡುತ್ತದೆ. ಕಂಪ್ರೆಸರಿನ ಬ್ಯಾಲೆನ್ಸ್ಡ್ ಇನ್‌ಪುಟ್ ಅದೇ ಮೂರನ್ನು ಧನ, ಋಣ, ಗ್ರೌಂಡ್ ಎಂದು ಓದಿ, ಮೊದಲನೆಯದರಿಂದ ಎರಡನೆಯದನ್ನು ಕಳೆಯುತ್ತದೆ. ಎಡಬಲಗಳಲ್ಲಿ ಸಮನಾಗಿರುವ ಧ್ವನಿ ಹೀಗೆ ಕಳೆದಾಗ ಸೊನ್ನೆಯಾಗುತ್ತದೆ, ಭಿನ್ನವಾಗಿರುವ ರಿವರ್ಬ್ ಉಳಿಯುತ್ತದೆ. ಮಿಕ್ಸರಿನ ಎಡ ಮತ್ತು ಬಲ ಲೈನ್ ಔಟ್‌ಪುಟ್‌ಗಳಿಂದ ಎರಡು ಪ್ರತ್ಯೇಕ ಕೇಬಲ್ ತೆಗೆದುಕೊಂಡು ಕಂಪ್ರೆಸರಿನ ಎರಡು ಚಾನೆಲ್‌ಗಳಿಗೆ ಹಾಕಿ. ಚಾನೆಲ್ ಒಂದೇ ಇದ್ದರೆ, ಮಿಕ್ಸರಿನ ಆಕ್ಸ್ ಔಟ್‌ಪುಟ್‌ನಿಂದ ಹಾಡುಗಾರರ ಧ್ವನಿಯನ್ನಷ್ಟೇ ಮೋನೋ ಆಗಿ ಕಳುಹಿಸಬಹುದು.