ಬಾಗಿಲ ಕಂಡಿಯಿಂದ ಬೀಳುವ ರಾಜಕೀಯ

ತಮ್ಮಾ, ನಿನ್ನ ಮೆಸೇಜ್ ಓದಿದೆ. ಇಂಗ್ಲೆಂಡಿನ ರೆಡಿಂಗ್‌ಗೆ ಬಂದು ಮೂರು ತಿಂಗಳಾಯಿತು, ಆಫೀಸಿನಲ್ಲಿ ಟೀ ಹೊತ್ತಿಗೆ ಎಲ್ಲರೂ ಬಜೆಟ್ಟು, ಬಡ್ಡಿ, ಕಿತ್ತುಹಾಕಿದ ರಾಯಭಾರಿ ಅಂತ ಮಾತಾಡುತ್ತಾರೆ, ನಾನು ಸುಮ್ನೆ ತಲೆಯಾಡಿಸುತ್ತೇನೆ ಅಂದಿದ್ದೀಯ. ಈ ಊರಿನ ರಾಜಕೀಯಕ್ಕೂ ನಮಗೂ ಏನು ಸಂಬಂಧ ಅಣ್ಣ, ನಮಗೂ ಓಟು ಇದೆಯಂತೆ ನಿಜವಾ ಅಂತಲೂ ಕೇಳಿದ್ದೀಯ.

ಓಟಿನದ್ದು ಮೊದಲು ಹೇಳಿಬಿಡುತ್ತೇನೆ. ನಿಜ. ಭಾರತ ಕಾಮನ್‌ವೆಲ್ತ್ ದೇಶ ಆಗಿರುವುದರಿಂದ, ವೀಸಾ ಮೇಲೆ ಇಲ್ಲಿ ವಾಸ ಇರುವ ನಾವು ಕೌನ್ಸಿಲ್ (ನಮ್ಮ ನಗರಸಭೆ ಇದ್ದ ಹಾಗೆ) ಚುನಾವಣೆಗೂ ಪಾರ್ಲಿಮೆಂಟ್ ಚುನಾವಣೆಗೂ ಓಟು ಹಾಕಬಹುದು. ನಿನ್ನ ಪಕ್ಕದ ಸೀಟಿನ ಇಟಲಿಯವನು ಹತ್ತು ವರ್ಷದಿಂದ ಇಲ್ಲೇ ಇದ್ದರೂ, ಇಲ್ಲಿನ ಪೌರತ್ವ ತೆಗೆದುಕೊಳ್ಳದಿದ್ದರೆ ಅವನಿಗೆ ಪಾರ್ಲಿಮೆಂಟಿನ ಓಟಿಲ್ಲ. ನಿನ್ನೆ ಮೊನ್ನೆ ಬಂದ ನಿನಗುಂಟು. ನಾನು 2007ರಲ್ಲಿ ಬಂದವನು, ಇದು ಗೊತ್ತಾಗುವ ಹೊತ್ತಿಗೆ ಮೂರು ವರ್ಷ ಕಳೆದಿತ್ತು.

ನನ್ನ ಮೊದಲ ಓಟು 2010ರ ಮೇ 6, ಗುರುವಾರ. ಇಲ್ಲಿ ಚುನಾವಣೆ ಅಂದರೆ ಗುರುವಾರವೇ, ಆದರೆ ರಜೆ ಇಲ್ಲ. ಚರ್ಚಿನ ಪಕ್ಕದ ಸಣ್ಣ ಹಾಲು. ಪೊಲೀಸಿಲ್ಲ, ಮೈಕಿಲ್ಲ, ಬಾಗಿಲಲ್ಲಿ ಯಾರದೋ ನಾಯಿ ಕಟ್ಟಿತ್ತು. ದಾರ ಕಟ್ಟಿದ ಮೊಂಡು ಪೆನ್ಸಿಲ್‌ನಲ್ಲಿ ಕಾಗದದ ಮೇಲೆ ಒಂದು ಕತ್ತರಿ ಗುರುತು ಹಾಕಿ, ಮಡಚಿ, ಡಬ್ಬಿಗೆ ಹಾಕಿದೆ. ಆಮೇಲೆ ಅಭ್ಯಾಸಬಲದಿಂದ ಎಡಗೈ ತೋರುಬೆರಳು ಚಾಚಿ ಶಾಯಿಗೆ ಕಾದು ನಿಂತೆ. ಮೇಜಿನ ಹಿಂದಿದ್ದ ಅಜ್ಜಿಗೆ ಏನೂ ತಿಳಿಯಲಿಲ್ಲ. ಪಾಪ, ನನ್ನ ಕೈ ಕುಲುಕಿ ‘ಥ್ಯಾಂಕ್ಯೂ ಡಿಯರ್’ ಅಂದರು. ಆಗ ಗುರುತಿನ ಚೀಟಿಯನ್ನೂ ಕೇಳುತ್ತಿರಲಿಲ್ಲ. 2023ರಿಂದ ಫೋಟೋ ಇರುವ ಗುರುತು ಬೇಕು. ನಮ್ಮ ಭಾರತದ ಪಾಸ್‌ಪೋರ್ಟೇ ನಡೆಯುತ್ತದೆ.

ಇನ್ನು ಸಂಬಂಧ ಏನು ಅಂದೆಯಲ್ಲ. ಇಲ್ಲಿ ಬಾಗಿಲಲ್ಲಿ ಕಾಗದ ಹಾಕುವ ಕಂಡಿ ಇರುತ್ತದೆ ನೋಡು, ರಾಜಕೀಯ ಒಳಗೆ ಬರುವುದು ಅದರಿಂದಲೇ. ನನ್ನ ಕಥೆ ಕೇಳು. 2022ರ ನವೆಂಬರಿಗೆ ನನ್ನ ಮಾರ್ಟ್‌ಗೇಜಿನ, ಅಂದರೆ ಮನೆ ಸಾಲದ, ಬಡ್ಡಿಯ ಐದು ವರ್ಷದ ಫಿಕ್ಸ್ ಮುಗಿಯುವುದಿತ್ತು. ಶೇ. 1.9 ಬಡ್ಡಿ, ತಿಂಗಳಿಗೆ 835 ಪೌಂಡ್ ಕಂತು. ಸೆಪ್ಟೆಂಬರ್ ಮಧ್ಯದಲ್ಲಿ ಬ್ರೋಕರ್ ಫೋನ್ ಮಾಡಿ, ಶೇ. 4ರ ಆಸುಪಾಸಿನಲ್ಲಿ ಒಂದು ಸಿಗುತ್ತಿದೆ, ಹಿಡಿದುಬಿಡೋಣವಾ ಅಂದ. ರಾಣಿಯ ಅಂತ್ಯಕ್ರಿಯೆಯ ರಜೆ ಮುಗಿಯಲಿ, ಆಮೇಲೆ ನೋಡೋಣ ಅಂದೆ. ಸೋಮಾರಿತನ, ಇನ್ನೇನು! ಸೆಪ್ಟೆಂಬರ್ 23, ಶುಕ್ರವಾರ. ಲಿಜ್ ಟ್ರಸ್ ಸರ್ಕಾರದ ಹಣಕಾಸು ಮಂತ್ರಿ ಕ್ವಾಸಿ ಕ್ವಾರ್ಟೆಂಗ್ ಎದ್ದು ನಿಂತು, ವರ್ಷಕ್ಕೆ 45 ಶತಕೋಟಿ ಪೌಂಡ್‌ನಷ್ಟು ತೆರಿಗೆ ಇಳಿಸುತ್ತೇವೆ ಅಂದರು. ಆ ದುಡ್ಡನ್ನು ಎಲ್ಲಿಂದ ತುಂಬುತ್ತೇವೆ ಅಂತ ಹೇಳಲಿಲ್ಲ. ಸರ್ಕಾರಕ್ಕೆ ಸಾಲ ಕೊಡುವವರು ಹೆದರಿಕೊಂಡರು. ಸೋಮವಾರ ಬೆಳಿಗ್ಗೆ ಪೌಂಡು 1.03 ಡಾಲರಿಗೆ ಬಿತ್ತು. ಬ್ಯಾಂಕುಗಳು ಮಾರ್ಟ್‌ಗೇಜುಗಳನ್ನೇ ವಾಪಸ್ ತೆಗೆದುಕೊಂಡವು. ಬುಧವಾರ ಬ್ಯಾಂಕ್ ಆಫ್ ಇಂಗ್ಲೆಂಡ್ ತಾನೇ ಸರ್ಕಾರದ ಬಾಂಡ್ ಕೊಳ್ಳಲು ಇಳಿಯಬೇಕಾಯಿತು, ಇಲ್ಲದಿದ್ದರೆ ಪಿಂಚಣಿ ನಿಧಿಗಳು ಸಂಕಷ್ಟಕ್ಕೆ ಸಿಲುಕುತ್ತಿದ್ದವು.

ನನಗೆ ಕೊನೆಗೆ ಸಿಕ್ಕಿದ್ದು ಶೇ. 5.9. ಕಂತು 1,220ಕ್ಕೆ ಏರಿತು. ತಿಂಗಳಿಗೆ 385 ಪೌಂಡ್ ಜಾಸ್ತಿ. ಆ ಕಾಗದ ಕಂಡಿಯಿಂದ ಬಿದ್ದ ದಿನ ನಿಮ್ಮ ಅತ್ತಿಗೆ ಅದನ್ನು ಫ್ರಿಜ್ಜಿನ ಮೇಲೆ ಅಂಟಿಸಿ, ಈ ವರ್ಷ ಊರಿಲ್ಲ ಅಂದಳು. ಅತ್ತ ಒಂದು ಪತ್ರಿಕೆಯವರು ಒಂದು ಲೆಟ್ಯೂಸ್ ಸೊಪ್ಪನ್ನು ಕ್ಯಾಮೆರಾ ಮುಂದೆ ಇಟ್ಟು, ಇದು ಮೊದಲು ಬಾಡುತ್ತದೋ ಪ್ರಧಾನಿ ಮೊದಲು ಹೋಗುತ್ತಾರೋ ಅಂತ ಪಂದ್ಯ ಕಟ್ಟಿದ್ದರು. ಸೊಪ್ಪೇ ಗೆದ್ದಿತು. ಟ್ರಸ್ ಕುರ್ಚಿಯಲ್ಲಿದ್ದದ್ದು 49 ದಿನ. ಅವರು ಹೋದರು, ನನ್ನ 5.9 ಹೋಗಲಿಲ್ಲ. ನಿನ್ನ ಆಫೀಸಿನವರು ಬಡ್ಡಿ ಬಗ್ಗೆ ಯಾಕೆ ಅಷ್ಟು ಮಾತಾಡುತ್ತಾರೆ ಅಂತ ಈಗ ಗೊತ್ತಾಯಿತಲ್ವಾ? ನೀನಿನ್ನೂ ಬಾಡಿಗೆಯಲ್ಲಿದ್ದೀಯ, ಆದರೆ ನಿನ್ನ ಮನೆ ಓನರಿಗೂ ಮಾರ್ಟ್‌ಗೇಜ್ ಇರುತ್ತದೆ.

ತೆರಿಗೆಯದ್ದು ಇನ್ನೂ ಜಾಣತನದ ಆಟ. ಮೊದಲ 12,570 ಪೌಂಡಿಗೆ ತೆರಿಗೆ ಇಲ್ಲ. ಈ ಗೆರೆಯನ್ನು 2021ರಿಂದ ಅಲ್ಲಾಡಿಸಿಲ್ಲ. ಬೆಲೆ ಏರಿದೆ, ಸಂಬಳ ಅಷ್ಟಿಷ್ಟು ಏರಿದೆ, ಗೆರೆ ಅಲ್ಲೇ. ನಿನ್ನ 42,000ದಲ್ಲಿ ತೆರಿಗೆ, ಸರ್ಕಾರ ಸಂಬಳದಲ್ಲೇ ಹಿಡಿಯುವ ನ್ಯಾಷನಲ್ ಇನ್ಶೂರೆನ್ಸ್ ಕಳೆದರೆ ಪಿಂಚಣಿ ಹಿಡಿಯುವ ಮೊದಲು ಕೈಗೆ ಬರುವುದು ತಿಂಗಳಿಗೆ 2,800 ಚಿಲ್ಲರೆ. ಇನ್ನು ಸಾವಿರ ಏರಿಸಿದರೆ ಅದರಲ್ಲಿ 280 ಅವರದ್ದೇ. ಸಂಬಳದ ಮೇಲಿನ ತೆರಿಗೆ ದರ ಏರಿಸಿಲ್ಲ ಅಂತ ಮಂತ್ರಿಗಳು ಹೇಳುತ್ತಾರೆ, ಅದು ಸುಳ್ಳೂ ಅಲ್ಲ. ಕನ್ಸರ್ವೇಟಿವ್ ಪಕ್ಷದವರು ಶುರು ಮಾಡಿದ್ದನ್ನು ಲೇಬರ್ ಪಕ್ಷದ ಹಣಕಾಸು ಮಂತ್ರಿ ರೇಚಲ್ ರೀವ್ಸ್ 2025ರ ನವೆಂಬರ್ ಬಜೆಟ್ಟಿನಲ್ಲಿ 2031ರವರೆಗೆ ಎಳೆದರು. ಕೌನ್ಸಿಲಿಗೆ ಕಟ್ಟುವ ಮನೆ ತೆರಿಗೆ, ಕೌನ್ಸಿಲ್ ಟ್ಯಾಕ್ಸ್, ಅದರ ಕಥೆ ಕೇಳಿದರೆ ನಗುತ್ತೀಯ. ಇಂಗ್ಲೆಂಡಿನಲ್ಲಿ ಅದು ನಿಂತಿರುವುದು 1991ರ ಮನೆ ಬೆಲೆಯ ಮೇಲೆ. ನನ್ನ ಮನೆ ಕಟ್ಟಿದ್ದು 2003ರಲ್ಲಿ. ಅದು 1991ರಲ್ಲಿ ಇದ್ದಿದ್ದರೆ ಎಷ್ಟು ಬೆಲೆ ಬಾಳುತ್ತಿತ್ತು ಅಂತ ಲೆಕ್ಕ ಹಾಕಿ ಬಿಲ್ಲು ಕಳಿಸುತ್ತಾರೆ. ಹೊಸದಾಗಿ ಲೆಕ್ಕ ಹಾಕಿದರೆ ಬಿಲ್ಲು ಏರಿದವರು ಬೈಯುತ್ತಾರೆ ಅನ್ನುವ ಭಯಕ್ಕೆ ಯಾವ ಸರ್ಕಾರವೂ ಕೈ ಹಾಕಿಲ್ಲ.

ರಾಯಭಾರಿ ವಿಷಯಕ್ಕೆ ಬರೋಣ. ಪೀಟರ್ ಮ್ಯಾಂಡೆಲ್ಸನ್ ಲೇಬರ್ ಪಕ್ಷದ ಹಳೇ ಹುಲಿ. ಹಿಂದೆ 1998ರಲ್ಲಿ ಒಮ್ಮೆ, 2001ರಲ್ಲಿ ಇನ್ನೊಮ್ಮೆ ಮಂತ್ರಿಗಿರಿ ಬಿಟ್ಟಿದ್ದವರು. ಅವರನ್ನು ಆಗ ಪ್ರಧಾನಿಯಾಗಿದ್ದ ಲೇಬರ್‌ನ ಕೀರ್ ಸ್ಟಾರ್ಮರ್ ರಾಯಭಾರಿ ಮಾಡಿ ವಾಷಿಂಗ್ಟನ್ನಿಗೆ ಕಳಿಸಿದರು. ಅಮೆರಿಕದ ಲೈಂಗಿಕ ಅಪರಾಧಿ ಜೆಫ್ರಿ ಎಪ್‌ಸ್ಟೀನ್ ಜತೆಗಿನ ಅವರ ಇಮೇಲುಗಳು ಹೊರಬಂದ ಮೇಲೆ 2025ರ ಸೆಪ್ಟೆಂಬರಿನಲ್ಲಿ ತೆಗೆದುಹಾಕಿದರು. ಗಲಾಟೆ ಇಷ್ಟು ಜೋರಾಗಲು ಒಂದು ಕಾರಣವಿದೆ. ಇಲ್ಲಿ ಈ ಹುದ್ದೆಗೆ ಸಾಮಾನ್ಯವಾಗಿ ಹೋಗುವುದು ವಿದೇಶಾಂಗ ಕಚೇರಿಯಲ್ಲೇ ತಲೆ ನರೆತ ಅಧಿಕಾರಿಗಳು. ಸೋತ ರಾಜಕಾರಣಿಗೆ, ದೇಣಿಗೆ ಕೊಟ್ಟವರಿಗೆ ರಾಯಭಾರ ಹಂಚುವುದು ಅಮೆರಿಕದ ಪದ್ಧತಿ, ನಮ್ಮದಲ್ಲ ಅನ್ನುವ ಹೆಮ್ಮೆ ಇವರದ್ದು. 1977ರಲ್ಲಿ ಪ್ರಧಾನಿ ಕ್ಯಾಲಹನ್ ಕಾಲದಲ್ಲಿ ಅವರ ಅಳಿಯ, ಪತ್ರಕರ್ತ ಪೀಟರ್ ಜೇ, ವಾಷಿಂಗ್ಟನ್ ರಾಯಭಾರಿಯಾದಾಗ ಆದ ರಂಪವನ್ನು ನಮ್ಮ ಪಕ್ಕದ ಮನೆಯ ಮುದುಕ ಇವತ್ತಿಗೂ ನೆನೆಸಿಕೊಳ್ಳುತ್ತಾರೆ. ಅಧಿಕಾರಿಗಳನ್ನು ಕಳಿಸಿದರೂ ನೆಮ್ಮದಿ ಇಲ್ಲ ಅನ್ನು. ಅಲ್ಲಿ ರಾಯಭಾರಿಯಾಗಿದ್ದ ಅಧಿಕಾರಿ ಕಿಮ್ ಡರಾಕ್ ಟ್ರಂಪ್ ಸರ್ಕಾರದ ಬಗ್ಗೆ ಗುಟ್ಟಾಗಿ ಬರೆದದ್ದು ಸೋರಿಹೋಗಿ 2019ರಲ್ಲಿ ರಾಜೀನಾಮೆ ಕೊಟ್ಟರು. ಅವರು ಸತ್ಯ ಬರೆದು ಕೆಟ್ಟರು, ಇವರು ಸ್ನೇಹ ಮಾಡಿ ಕೆಟ್ಟರು. ನನ್ನ ಲೆಕ್ಕದಲ್ಲಿ ಎರಡೂ ಒಂದೇ ಅಲ್ಲ.

ಅಂದ ಹಾಗೆ, ನೀನು ಪಾಸ್‌ಪೋರ್ಟ್ ಕೆಲಸಕ್ಕೆ ಲಂಡನ್ನಿನಲ್ಲಿ ‘ಭಾರತದ ರಾಯಭಾರಿ ಕಚೇರಿ’ ಹುಡುಕಿದರೆ ಸಿಗುವುದಿಲ್ಲ. ಕಾಮನ್‌ವೆಲ್ತ್ ದೇಶಗಳ ನಡುವೆ ಅದು ಹೈ ಕಮಿಷನ್.

ಅಳಿಯ ಅಂದಾಗ ನಮ್ಮ ಅಳಿಯನ ನೆನಪಾಯಿತು. ರಿಷಿ ಸುನಕ್ ಪ್ರಧಾನಿಯಾದ ದಿನ ತಿಪಟೂರಿನಿಂದ ನನಗೆ ಬಂದ ಫೋನುಗಳು ಹನ್ನೊಂದು. ಮೂರ್ತಿಯವರ ಅಳಿಯ, ಇನ್ನು ನಿಮಗೆಲ್ಲ ಸುಲಭ ಬಿಡು ಅಂದರು. ಆ ಅಳಿಯನ ಕಾಲದಲ್ಲೇ, 2024ರಲ್ಲಿ, ವೀಸಾ ಜತೆ ಕಟ್ಟುವ ಆರೋಗ್ಯ ಶುಲ್ಕ ವರ್ಷಕ್ಕೆ 624ರಿಂದ 1,035 ಪೌಂಡಿಗೆ ಏರಿತು. ಸ್ಕಿಲ್ಡ್ ವರ್ಕರ್ ವೀಸಾದ ಸಂಬಳದ ಮಿತಿ 26,200ರಿಂದ 38,700 ಆಯಿತು. ಆಮೇಲೆ ಲೇಬರ್ ಬಂದು 41,700 ಮಾಡಿತು. ನಿನ್ನ ಕಂಪನಿ 42,000 ಯಾಕೆ ಕೊಟ್ಟಿತು ಅಂತ ಹೊಳೆಯಿತಾ?

ಐದು ವರ್ಷಕ್ಕೆ ಸಿಗುತ್ತಿದ್ದ ಪರ್ಮನೆಂಟ್, ಅಂದರೆ ಇಲ್ಲೇ ಕಾಯಂ ಇರುವ ಅನುಮತಿ, ಹತ್ತಕ್ಕೆ ಹೋಗುತ್ತದಂತೆ ಅಂತ ಹೆದರಿದ್ದೀಯ. 2025ರ ಮೇನಲ್ಲಿ ಸರ್ಕಾರ ಮುಂದಿಟ್ಟ ಪ್ರಸ್ತಾವ ಅದು. ಹೆದರಬೇಡ ಅಂತ ನಾನು ಹೇಳುವುದಿಲ್ಲ, ಹಾಗೆ ಹೇಳಿದರೆ ಸುಳ್ಳು. ಒಂದು ಹಳೇ ಕಥೆ ಮಾತ್ರ ಹೇಳುತ್ತೇನೆ. 2006ರಲ್ಲಿ ನಾಲ್ಕು ವರ್ಷ ಇದ್ದದ್ದನ್ನು ಐದು ಮಾಡಿದರು, ಆಗಲೇ ಬಂದಿದ್ದವರಿಗೂ ಸೇರಿಸಿ. ಎಚ್‌ಎಸ್‌ಎಂಪಿ ಅನ್ನುವ, ಹೆಚ್ಚು ನುರಿತ ಕೆಲಸಗಾರರ ವೀಸಾದಲ್ಲಿ ಬಂದಿದ್ದವರು ಒಂದು ಸಂಘ ಕಟ್ಟಿಕೊಂಡು ಕೋರ್ಟಿಗೆ ಹೋದರು. 2008, 2009ರಲ್ಲಿ ಗೆದ್ದರು. ನನ್ನ ಮೊದಲ ರೂಮ್‌ಮೇಟ್ ಅವರಲ್ಲೊಬ್ಬ. ಕೇಸಿಗೆ ಚಂದಾ ಎತ್ತಲು ಕರ್ರಿ ಮಾಡಿ ಮಾರುತ್ತಿದ್ದ, ಕೆಟ್ಟ ಕರ್ರಿ. ಅದರಿಂದ ಈ ಸಲವೂ ಹಾಗೇ ಆಗುತ್ತದೆ ಅಂದುಕೊಳ್ಳಬೇಡ. ಕಾಗದಪತ್ರ, ಪೇ ಸ್ಲಿಪ್ಪು, ಊರಿಗೆ ಹೋದ ತಾರೀಖು ಎಲ್ಲ ಒಂದು ಫೈಲಿನಲ್ಲಿ ಇಟ್ಟುಕೋ.

ತೊಂದರೆ ಬಂದರೆ ನಿನ್ನ ಎಂಪಿ ಹತ್ತಿರ ಹೋಗಬಹುದು. ಎಂಪಿಗಳು ಜನರನ್ನು ಭೇಟಿ ಮಾಡುವುದಕ್ಕೆ ‘ಸರ್ಜರಿ’ ಅನ್ನುತ್ತಾರೆ. ಡಾಕ್ಟರ ಕ್ಲಿನಿಕ್ಕಿಗೂ ಅದೇ ಹೆಸರು, ಗಾಬರಿ ಬೀಳಬೇಡ. ವೀಸಾ ಅರ್ಜಿ ತಿಂಗಳುಗಟ್ಟಲೆ ಕೊಳೆಯುತ್ತಿದ್ದರೆ ಅವರ ಕಚೇರಿಯಿಂದ ಒಂದು ಪತ್ರ ಹೋಗುತ್ತದೆ. ಅದಕ್ಕೆ ಹಾರ, ಶಾಲು ಏನೂ ಬೇಡ.

ಟೀ ಹೊತ್ತಿನಲ್ಲಿ ಏನು ಮಾತಾಡಲಿ ಅಂದೆಯಲ್ಲ, ಯಾರಿಗೆ ಓಟು ಹಾಕಿದೆ ಅಂತ ಮಾತ್ರ ಕೇಳಬೇಡ. ಸಂಬಳವನ್ನಂತೂ ಕೇಳಲೇಬೇಡ. ಬಡ್ಡಿ ಎಷ್ಟಕ್ಕೆ ಫಿಕ್ಸ್ ಮಾಡಿದ್ದೀರಿ ಅಂತ ಕೇಳು, ಅರ್ಧ ಗಂಟೆ ಅವರೇ ಮಾತಾಡುತ್ತಾರೆ.

ಇವತ್ತು ರಾತ್ರಿ ಮತದಾರರ ಪಟ್ಟಿಗೆ ಹೆಸರು ಸೇರಿಸಿಬಿಡು. ಆನ್‌ಲೈನ್, ಐದು ನಿಮಿಷದ ಕೆಲಸ, ನ್ಯಾಷನಲ್ ಇನ್ಶೂರೆನ್ಸ್ ನಂಬರ್ ಕೈಯಲ್ಲಿರಲಿ. ಪಟ್ಟಿಯಲ್ಲಿ ಹೆಸರಿದ್ದರೆ ಫೋನ್ ಕಾಂಟ್ರಾಕ್ಟು, ಸಾಲ ಎಲ್ಲದಕ್ಕೂ ಕ್ರೆಡಿಟ್ ನೋಡುವವರು ಸ್ವಲ್ಪ ಮೆತ್ತಗಾಗುತ್ತಾರೆ. ಭಾನುವಾರ ಊಟಕ್ಕೆ ಬಾ. ಬರುವಾಗ ಕೌನ್ಸಿಲ್ ಟ್ಯಾಕ್ಸ್ ಬಿಲ್ಲು ತಗೊಂಡು ಬಾ. ಒಬ್ಬನೇ ಇದ್ದೀಯಲ್ಲ, ಕಾಲುಭಾಗ ರಿಯಾಯಿತಿ ಇದೆ, ಅದನ್ನು ಕೇಳಿ ಪಡೆಯದೆ ಯಾರೂ ಕೊಡುವುದಿಲ್ಲ.