ಹಾಸಿಗೆ ಇದ್ದಲ್ಲಿಗೇ ಹಣ

ರೋಣದ ಓದುಗರೇ, ನಮಸ್ಕಾರ.

ಆಸ್ಪತ್ರೆಗಳ ಹಣವೆಲ್ಲ ಹುಬ್ಬಳ್ಳಿಯಂಥ ದೊಡ್ಡ ಊರಿಗೇ ಹೋಗುತ್ತದೆ ಅನ್ನೋ ನಿಮ್ಮ ಪತ್ರದ ಸಿಟ್ಟು ಅರ್ಥವಾಗುತ್ತದೆ. ಕಾಯಿಲೆ ಸ್ವಲ್ಪ ಜೋರಾದರೆ ಸಾಕು, "ಹುಬ್ಬಳ್ಳಿಗೆ ಬರದು ಕೊಟ್ಟಾರ" ಅನ್ನೋ ಮಾತು ಗದಗಿನ ಕಡೆ ಇನ್ನೂ ನಿಂತಿಲ್ಲ. ಆದರೆ ಬ್ರಿಟನ್ನಿನಲ್ಲಿ ಸರ್ಕಾರ ಆಸ್ಪತ್ರೆಗಳನ್ನು ವಹಿಸಿಕೊಂಡ ದಿನದಿಂದಲೇ ಎಲ್ಲ ಕಡೆಗೂ ಹಣ ಸಮನಾಗಿ ಹೋಯಿತು, ಭೇದ ನಮ್ಮಲ್ಲಿ ಮಾತ್ರ ಅಂತ ಬರೆದಿದ್ದೀರಲ್ಲ, ಅದು ಹಾಗಿಲ್ಲ.

1948ರ ಜುಲೈ 5ರಂದು ಅಲ್ಲಿ ಚಿಕಿತ್ಸೆ ಎಲ್ಲರಿಗೂ ಪುಕ್ಕಟೆ ಆಯಿತು, ನಿಜ. ಇಂಗ್ಲೆಂಡ್ ಮತ್ತು ವೇಲ್ಸ್‌ನ ಬಹುತೇಕ ಆಸ್ಪತ್ರೆಗಳು 14 ಪ್ರಾದೇಶಿಕ ಮಂಡಳಿಗಳ ಕೈಗೆ ಹೋದವು. ಆದರೆ ಹಣ ಹಂಚಿದ್ದು ಹೇಗೆ? ಹೋದ ವರ್ಷ ಎಷ್ಟು ಖರ್ಚಾಗಿತ್ತೋ ಅಷ್ಟು, ಮೇಲೊಂದಿಷ್ಟು. ಲಂಡನ್ನಿನ ಸುತ್ತ ಮೊದಲೇ ದೊಡ್ಡ ಆಸ್ಪತ್ರೆಗಳಿದ್ದವು, ಹಾಗಾಗಿ ಅಲ್ಲಿ ಖರ್ಚೂ ಜಾಸ್ತಿ, ಮರುವರ್ಷದ ಹಣವೂ ಜಾಸ್ತಿ. ಗಿರಣಿ, ಗಣಿಗಳ ಉತ್ತರದ ಊರುಗಳಿಗೆ ಉಳಿದದ್ದು ಕಡಿಮೆ. ಹೊಸ ಕಟ್ಟಡ ಎದ್ದರೆ ಅದನ್ನು ನಡೆಸುವ ಖರ್ಚನ್ನೂ ಸೇರಿಸಿ ಕೊಡುತ್ತಿದ್ದರು. ಅಂದ್ರೆ ಕಟ್ಟಡ ಗಿಟ್ಟಿಸಿದವರಿಗೆ ವರ್ಷ ವರ್ಷವೂ ಲಾಭ.

1976ರವರೆಗೆ ಹೆಚ್ಚುಕಡಿಮೆ ಇದೇ ಕತೆ. ಆ ವರ್ಷ ಒಂದು ಸಮಿತಿ ವರದಿ ಕೊಟ್ಟಿತು: ಹಾಸಿಗೆ ಎಣಿಸಬೇಡಿ, ಜನರನ್ನು ಎಣಿಸಿ, ಅವರ ವಯಸ್ಸು ನೋಡಿ, ಆ ಪ್ರದೇಶದಲ್ಲಿ ಸಾವು ಎಷ್ಟು ಹೆಚ್ಚು ಅಂತ ನೋಡಿ, ಆಮೇಲೆ ಹಣ ಹಂಚಿ. ಇದ್ದವರಿಂದ ಒಮ್ಮೆಲೇ ಕಿತ್ತುಕೊಳ್ಳಲಿಲ್ಲ, ಅವರ ಏರಿಕೆಗೆ ಕಡಿವಾಣ ಹಾಕಿ ಹಿಂದುಳಿದವರಿಗೆ ಜಾಸ್ತಿ ಕೊಟ್ಟರು. ಲಂಡನ್ನಿನಲ್ಲಿ ಗಲಾಟೆ ಆಯಿತು ಅನ್ನೋದು ಬೇರೆ ಹೇಳಬೇಕಾ? ಅವರ ತಕರಾರಿನಲ್ಲಿ ಹುರುಳೂ ಇತ್ತು. ಮೊಣಕಾಲು ನೋವಿಗೆ ಯಾರೂ ಸಾಯೋದಿಲ್ಲ, ಆದರೆ ಚಿಕಿತ್ಸೆ ಬೇಕೇ ಬೇಕು. ಮತ್ತೆ, ಲಂಡನ್ ಶ್ರೀಮಂತ ಅಂದಮಾತ್ರಕ್ಕೆ ಅದರ ಪೂರ್ವ ಭಾಗದ ಬಡವರ ಓಣಿಗಳೂ ಶ್ರೀಮಂತವಾಗೋದಿಲ್ಲ ಅಲ್ವಾ?

ಈ ಕೊನೆಯ ಮಾತು ನಮಗೆ ಬೇಕು. ನೀವು ಜಿಲ್ಲೆ ಜಿಲ್ಲೆಗೆ ಸಮನಾಗಿ ಕೊಡಿ ಅಂತೀರಿ. 2002ರಲ್ಲಿ, ಕರ್ನಾಟಕದ ಪ್ರಾದೇಶಿಕ ಅಸಮಾನತೆ ಅಳೆಯಲು ಸರ್ಕಾರ ನೇಮಿಸಿದ್ದ ನಂಜುಂಡಪ್ಪ ಸಮಿತಿ ಜಿಲ್ಲೆಯಲ್ಲ, ತಾಲ್ಲೂಕನ್ನೇ ಅಳತೆ ಮಾಡಿಕೊಂಡಿತು. 175ರಲ್ಲಿ 114 ಹಿಂದುಳಿದವು ಅಂದಿತು. ನನಗೆ ಅದೇ ಸರಿ ಅನ್ಸುತ್ತೆ. ಧಾರವಾಡ ಜಿಲ್ಲೆಯ ಸರಾಸರಿ ತೆಗೆದರೆ ಹುಬ್ಬಳ್ಳಿಯ ದೊಡ್ಡ ಸರ್ಕಾರಿ ಆಸ್ಪತ್ರೆ ಕಿಮ್ಸ್‌ನ ಹಾಸಿಗೆಗಳು ಅದೇ ಜಿಲ್ಲೆಯ ಕಲಘಟಗಿ ತಾಲ್ಲೂಕಿನ ಲೆಕ್ಕಕ್ಕೂ ಬಂದು ಕೂರುತ್ತವೆ!

ಹುಬ್ಬಳ್ಳಿಗೆ ಮೆಡಿಕಲ್ ಕಾಲೇಜು ಬಂದದ್ದು 1957ರಲ್ಲಿ, ಗದಗಿಗೆ 2015ರಲ್ಲಿ. ಗದಗ ಪ್ರತ್ಯೇಕ ಜಿಲ್ಲೆಯಾಗಿದ್ದೇ 1997ರಲ್ಲಿ ಬಿಡಿ. ಅಷ್ಟು ವರ್ಷ ಒಂದೇ ಕಡೆ ಬೆಳೆದ ಹುದ್ದೆ, ಯಂತ್ರ, ವಾರ್ಡು ಒಂದು ಬಜೆಟ್ಟಿಗೆ ಸರಿಹೋಗೋದಿಲ್ಲ. ಹಾಗಾಗಿ ಶಾಸಕರನ್ನು ಕೇಳುವಾಗ ಹೊಸ ಕಟ್ಟಡ ಯಾವಾಗ ಅಂತ ಕೇಳಬೇಡಿ. ರೋಣದ ತಾಲ್ಲೂಕು ಆಸ್ಪತ್ರೆಗೆ ಮಂಜೂರಾದ ಹುದ್ದೆ ಎಷ್ಟು, ಭರ್ತಿ ಎಷ್ಟು, ಔಷಧಿಗೆ ವರ್ಷಕ್ಕೆ ಕೊಟ್ಟದ್ದೆಷ್ಟು ಅಂತ ಕೇಳಿ. ಉತ್ತರ ಸಿಕ್ಕರೆ ನಮಗೂ ಕಳಿಸಿ, ಅಚ್ಚು ಹಾಕ್ತೀವಿ.

– ಸಂ.